ಮಟ್ಟಂಚೇರಿಯ ಪರದೇಶಿಗಳು, ಮಂಗಳೂರಿನ ಬೊಮ್ಮ

ನಮ್ಮ ಹೊಳೆನರಸೀಪುರದ ಕಡೆ "ಪರದೇಶಿ" ಅಂದರೆ ಬೈಗುಳ. ಹಿಂದೆ ಮುಂದೆ ಯಾರೂ ಇಲ್ಲದವನು, ಗತಿಗೆಟ್ಟವನು ಅಂತ ಅರ್ಥ. ಚಿಕ್ಕವನಿದ್ದಾಗ ತಲೆಗೆ ಎಣ್ಣೆ ಹಚ್ಚದೆ ಓಡಾಡಿದರೆ "ಒಳ್ಳೇ ಪರದೇಶಿ ಥರ ಕಾಣ್ತೀಯ" ಅಂತ ಅಜ್ಜಿ ಬೈಯುತ್ತಿದ್ದರು. ಆದರೆ ಕೊಚ್ಚಿಯಲ್ಲಿ ಇದೇ ಹೆಸರಿನ ಒಂದು ಪ್ರಾರ್ಥನಾ ಮಂದಿರ ಇದೆ, ಪರದೇಶಿ ಸಿನಗಾಗ್ ಅಂತ. ಅದನ್ನು ಕಟ್ಟಿದವರು ಗತಿಗೆಟ್ಟವರಂತೂ ಅಲ್ಲ. ರಾಜನ ಅರಮನೆಯ ಗೋಡೆಗೇ ಗೋಡೆ ತಾಗಿಸಿ ಮಂದಿರ ಕಟ್ಟಿಕೊಂಡ ಯಹೂದಿ ವ್ಯಾಪಾರಿಗಳು. ಮಲಯಾಳಂನಲ್ಲಿ ಆ ಪದಕ್ಕೆ ಇರುವುದು ಬರೀ "ಹೊರಗಿನಿಂದ ಬಂದವರು" ಅನ್ನುವ ಅರ್ಥ ಅಷ್ಟೇ.

ಆಫೀಸಿಗೆ ಮೂರು ದಿನ ಒಟ್ಟಿಗೆ ರಜಾ ಸಿಕ್ಕಿದಾಗ ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಎರ್ನಾಕುಲಂಗೆ ಹೋಗಿದ್ದೆವು. ಉಳಿದ ಮೂವರ ಗಮನ ಪೂರ್ತಿ ಮೀನೂಟದ ಮೇಲೆ. ನಾನು ಮಾತ್ರ ಮಟ್ಟಂಚೇರಿಯ ಜ್ಯೂ ಟೌನ್‌ನಲ್ಲಿ ಬೆಳಗ್ಗೆ ಹೊತ್ತು ಗೈಡ್ ಒಬ್ಬರು ನಡೆಸಿಕೊಂಡು ಹೋಗಿ ತೋರಿಸುವ ಎರಡು ಗಂಟೆಯ ಟೂರ್‌ಗೆ ಹೆಸರು ಕೊಟ್ಟಿದ್ದೆ. ಆ ಎರಡು ಗಂಟೆಯಲ್ಲಿ ಕಂಡಿದ್ದು, ಆಮೇಲೆ ಓದಿ ತಿಳಿದುಕೊಂಡಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಟೂರ್ ಶುರುವಾಗಿದ್ದು ಮಟ್ಟಂಚೇರಿ ಅರಮನೆಯ ಗೇಟಿನ ಹತ್ತಿರ. ಗೈಡ್ ಅದೇ ಊರಿನವರು, ಐವತ್ತು ದಾಟಿದ ವಯಸ್ಸು. ಎಲ್ಲರೂ "ಚೇಟ್ಟಾ" ಅಂತ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಅವರು ಮೊದಲು ಹೇಳಿದ್ದು ನೀರಿನ ಕಥೆ. ಕೊಚ್ಚಿಗಿಂತ ಮುಂಚೆ ದೊಡ್ಡ ಬಂದರು ಅಂದರೆ ಉತ್ತರಕ್ಕಿರುವ ಕೊಡುಂಗಲ್ಲೂರು. ೧೩೪೧ರಲ್ಲಿ ಪೆರಿಯಾರ್ ನದಿಗೆ ಮಹಾಪ್ರವಾಹ ಬಂದು ಅಲ್ಲಿನ ಬಂದರು ಹೂಳು ತುಂಬಿತು, ಕೊಚ್ಚಿಯ ಕಡೆ ಸಮುದ್ರದ ಬಾಯಿ ತೆರೆದುಕೊಂಡಿತು. ವ್ಯಾಪಾರ ನಿಧಾನವಾಗಿ ಇತ್ತ ಸರಿಯಿತು. ಕೊಡುಂಗಲ್ಲೂರಿನಲ್ಲಿ ನೂರಾರು ವರ್ಷದಿಂದ ಇದ್ದ ಯಹೂದಿಗಳು ಹದಿನಾರನೇ ಶತಮಾನದ ಯುದ್ಧಗಳಲ್ಲಿ, ಪೋರ್ಚುಗೀಸರ ಕಾಟದಲ್ಲಿ ಊರು ಬಿಟ್ಟು ಕೊಚ್ಚಿ ರಾಜನ ಆಶ್ರಯಕ್ಕೆ ಬಂದರು. ಅದೇ ಕಾಲಕ್ಕೆ ಸ್ಪೇನ್ ಮತ್ತು ಪೋರ್ಚುಗಲ್ ತಮ್ಮ ದೇಶದ ಯಹೂದಿಗಳನ್ನು ಓಡಿಸಿದ್ದವು (ಸ್ಪೇನ್ ೧೪೯೨ರಲ್ಲಿ). ಅವರಲ್ಲಿ ಕೆಲವರೂ ತಿರುಗಿ ತಿರುಗಿ ಇಲ್ಲಿಗೇ ಬಂದು ಸೇರಿದರು. ಆಮೇಲೆ ಅಲೆಪ್ಪೊ, ಬಾಗ್ದಾದ್ ಕಡೆಯಿಂದಲೂ ಬಂದರು. ಈ ಹೊಸಬರೇ "ಪರದೇಶಿ"ಗಳು. ೧೫೬೮ರಲ್ಲಿ ಅವರು ಸಿನಗಾಗ್ ಕಟ್ಟಿದರು. ಜಾಗ ಕೊಟ್ಟವನು ರಾಜ.

ಅರಮನೆಯ ಆವರಣದಲ್ಲೇ ಒಂದು ಭಗವತಿ ದೇವಸ್ಥಾನ ಇದೆ. ಅದರ ಹಿಂದಿನ ಗೋಡೆಯ ಆಚೆಗೇ ಸಿನಗಾಗ್. "ಅಲ್ಲಿ ಗಂಟೆ ಬಾರಿಸಿದರೆ ಇಲ್ಲಿ ಕೇಳುತ್ತದೆ, ಇಲ್ಲಿ ಹಾಡಿದರೆ ಅಲ್ಲಿ ಕೇಳುತ್ತದೆ" ಅಂದರು ಚೇಟ್ಟ. ೧೬೬೨ರಲ್ಲಿ ಡಚ್ಚರಿಗೆ ಸಹಾಯ ಮಾಡಿದರು ಅನ್ನುವ ಸಿಟ್ಟಿಗೆ ಪೋರ್ಚುಗೀಸರು ಸಿನಗಾಗ್ ಮೇಲೆ ದಾಳಿ ಮಾಡಿ ಹಾಳು ಮಾಡಿದರು. ಮರುವರ್ಷ ಡಚ್ಚರು ಕೊಚ್ಚಿ ಹಿಡಿದರು, ಮಂದಿರ ಮತ್ತೆ ಎದ್ದಿತು. ಅಲ್ಲಿಂದ ಮುಂದಿನ ನೂರು ವರ್ಷ ಪರದೇಶಿಗಳ ಸುವರ್ಣಯುಗ. ಎಝೆಕಿಯಲ್ ರಾಹಬಿ ಅನ್ನುವ ಒಬ್ಬ ವ್ಯಾಪಾರಿ ಡಚ್ ಕಂಪನಿಯ ಮುಖ್ಯ ವರ್ತಕನಾಗಿ ಮೆಣಸಿನ ವ್ಯಾಪಾರವನ್ನೇ ಕೈಯಲ್ಲಿ ಹಿಡಿದುಕೊಂಡಿದ್ದ. ಬೀದಿಯ ತುದಿಯಲ್ಲಿರುವ ಗಡಿಯಾರದ ಗೋಪುರ ಅವನು ೧೭೬೦ರಲ್ಲಿ ಕಟ್ಟಿಸಿದ್ದು. ಒಂದು ಮುಖದಲ್ಲಿ ಹೀಬ್ರೂ ಅಂಕಿ, ಇನ್ನೊಂದರಲ್ಲಿ ರೋಮನ್, ಮತ್ತೊಂದರಲ್ಲಿ ಮಲಯಾಳಂ ಅಂಕಿ. ಈಗ ನಾವು ಸಾಫ್ಟ್‌ವೇರ್‌ನಲ್ಲಿ ಭಾಷೆ ಬದಲಾಯಿಸೋ ಸೌಲಭ್ಯ ಕೊಟ್ಟು ಬೀಗುತ್ತೇವಲ್ಲ, ಅದನ್ನು ಇನ್ನೂರೈವತ್ತು ವರ್ಷದ ಹಿಂದೆಯೇ ಗಡಿಯಾರದಲ್ಲಿ ಮಾಡಿಟ್ಟಿದ್ದಾರೆ :-)

ಬೀದಿ ಕಿರಿದು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಮಹಡಿ ಮನೆಗಳು, ಕೆಳಗೆ ಅಂಗಡಿ, ಮೇಲೆ ವಾಸ. ಕೆಲವು ಕಿಟಕಿಯ ಕಂಬಿಗಳಲ್ಲಿ ಆರು ಮೂಲೆಯ ನಕ್ಷತ್ರ ಇನ್ನೂ ಇದೆ. ಈಗ ಕೆಳಗಿನ ಅಂಗಡಿಗಳಲ್ಲಿ ಮಾರುವುದು ಹಳೇ ಹಿತ್ತಾಳೆ ಸಾಮಾನು, ಕಾಶ್ಮೀರದ ಶಾಲು, ಅತ್ತರು, ಏಲಕ್ಕಿ, ದಾಲ್ಚಿನ್ನಿ. ಈ ಬೀದಿಯಲ್ಲೇ ಮೆಣಸಿನ ವಾಯಿದೆ ವ್ಯಾಪಾರದ ಕಟ್ಟಡ ಇತ್ತು, ೧೯೫೭ರಿಂದ. ವ್ಯಾಪಾರಿಗಳು ಒಂದು ಹಾಲ್‌ನಲ್ಲಿ ನಿಂತು ಕೂಗಿ ಕೂಗಿ ದರ ನಿಗದಿ ಮಾಡುತ್ತಿದ್ದರಂತೆ, ಆಮೇಲೆ ಎಲ್ಲಾ ಕಂಪ್ಯೂಟರ್‌ಗೆ ಹೋಯಿತು. ನಮ್ಮ ಸಕಲೇಶಪುರದ ಬೆಳೆಗಾರರು ಪೇಪರ್‌ನಲ್ಲಿ "ಕೊಚ್ಚಿ ದರ" ಹುಡುಕುವುದು ನೆನಪಾಯಿತು. ಹಾಸನ ಜಿಲ್ಲೆಯ ಮೆಣಸಿನ ಬಳ್ಳಿಗೂ ಈ ಬೀದಿಗೂ ಒಂದು ದಾರ ಇದೆ.

ಸಿನಗಾಗ್ ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ಬೇರೆ ದೇಶದ ಹೆಚ್ಚಿನ ಸಿನಗಾಗ್‌ಗಳಲ್ಲಿ ಈ ಪದ್ಧತಿ ಇಲ್ಲ. ಇದು ಇಲ್ಲಿನ ನೆಲದಿಂದ ಅವರಿಗೆ ಬಂದಿದ್ದು. ಒಳಗೆ ಕಾಲಿಟ್ಟ ತಕ್ಷಣ ಕಾಣುವುದು ನೆಲದ ಮೇಲಿನ ನೀಲಿ ಬಿಳಿ ಚೀನಿ ಹೆಂಚುಗಳು. ಕೈಯಲ್ಲೇ ಬಣ್ಣ ಬರೆದವು, ಒಂದರಂತೆ ಇನ್ನೊಂದಿಲ್ಲ ಅಂತ ಹೇಳುತ್ತಾರೆ. ಚೇಟ್ಟ ಇಲ್ಲಿ ಒಂದು ಕಥೆ ಹೇಳಿದರು. ಈ ಹೆಂಚನ್ನು ರಾಜ ತನ್ನ ಅರಮನೆಗೆ ಅಂತ ಚೀನಾದಿಂದ ತರಿಸಿದನಂತೆ. ಯಹೂದಿಗಳು ಹೋಗಿ "ಸ್ವಾಮಿ, ಇದನ್ನು ಮಾಡೋವಾಗ ಹಸುವಿನ ರಕ್ತ ಬಳಸ್ತಾರೆ" ಅಂದರಂತೆ. ರಾಜ ಬೆಚ್ಚಿಬಿದ್ದು "ನೀವೇ ತಗೊಂಡು ಹೋಗಿ" ಅಂದನಂತೆ! ಎಲ್ಲರೂ ನಕ್ಕೆವು. ಇತಿಹಾಸ ಹೇಳುವುದು ಇಷ್ಟೇ: ಈ ಹೆಂಚುಗಳನ್ನು ೧೭೬೨ರಲ್ಲಿ ಕ್ಯಾಂಟನ್‌ನಿಂದ ತರಿಸಿದ್ದು ಅದೇ ರಾಹಬಿ. ಆದರೂ ಆ ಕಥೆ ನನಗೆ ಇಷ್ಟವಾಯಿತು. ಗೋಡೆ ಹಂಚಿಕೊಂಡ ನೆರೆಮನೆಯವರು ಮಾತ್ರ ಒಬ್ಬರ ಮೇಲೊಬ್ಬರು ಇಂಥ ತಮಾಷೆ ಕಟ್ಟಬಲ್ಲರು.

ಈ ಸಮುದಾಯದ ಅತಿ ದೊಡ್ಡ ಆಸ್ತಿ ತಾಮ್ರದ ಶಾಸನ. ಚೇರ ದೊರೆ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಅನ್ನುವ ಯಹೂದಿ ಮುಖಂಡನಿಗೆ ಕೊಟ್ಟಿದ್ದು. ಕ್ರಿ.ಶ. ೩೭೯ ಅಂತ ಸಮುದಾಯದ ನಂಬಿಕೆ, ಆದರೆ ಶಾಸನ ಓದಿದವರ ಪ್ರಕಾರ ಸುಮಾರು ಕ್ರಿ.ಶ. ೧೦೦೦. ಭಾಷೆ ಹಳೆಯ ಮಲಯಾಳಂ, ಲಿಪಿ ವಟ್ಟೆಳುತ್ತು. ಅದರಲ್ಲಿ ೭೨ ಹಕ್ಕುಗಳ ಮಾತಿದೆ: ಸುಂಕದಿಂದ ವಿನಾಯಿತಿ, ಪಲ್ಲಕ್ಕಿ, ಛತ್ರಿ, ವಾದ್ಯ, ಹಗಲಲ್ಲೂ ದೀಪ. ನಮ್ಮಲ್ಲಿ ಮಠದ ಸ್ವಾಮಿಗಳಿಗೆ, ಪಾಳೇಗಾರರಿಗೆ "ಹಗಲು ದೀವಟಿಗೆ" ಅಂತ ಬಿರುದು ಇರುತ್ತಿತ್ತಲ್ಲ, ಅದೇ ಇದು. ಶಾಸನದಲ್ಲಿ "ಅಂಜುವಣ್ಣಂ" ಅನ್ನುವ ಪದ ಬರುತ್ತದೆ. ಅದು ಪಶ್ಚಿಮದ ಸಮುದ್ರ ದಾಟಿ ಬಂದ ವ್ಯಾಪಾರಿಗಳ ಸಂಘ. ನಮ್ಮ ಐಹೊಳೆಯ ಐನೂರ್ವರು ಹೇಗೋ ಹಾಗೆ. ಕನ್ನಡದ ಕರಾವಳಿಯ ಶಾಸನಗಳಲ್ಲಿ ಬರುವ "ಹಂಜಮಾನ" ಅನ್ನುವ ಪದ ಇದರ ಸಂಬಂಧಿಯೇ ಅಂತ ವಿದ್ವಾಂಸರು ಹೇಳುತ್ತಾರೆ. ಅಂದರೆ ಇದು ಬರೀ ಕೇರಳದ ಕಥೆ ಅಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು. ಇಡೀ ಜಗತ್ತು ಯಹೂದಿಗಳನ್ನು ಓಡಿಸಿದಾಗ ನಮ್ಮ ರಾಜ ಜಾಗ ಕೊಟ್ಟ ಅಂತ ಕೇಳಿದರೆ ಯಾರಿಗೆ ಖುಷಿ ಆಗಲ್ಲ? ಆದರೆ ಚೇಟ್ಟ ನಮ್ಮನ್ನು ಮುಂಗೋಣೆಯಲ್ಲಿ ನಿಲ್ಲಿಸಿ ಇನ್ನೊಂದು ವಿಷಯ ಹೇಳಿದರು. ಯಹೂದಿಗಳ ಒಳಗೇ ಭೇದ ಇತ್ತು. ಮೊದಲಿನಿಂದ ಇದ್ದವರು ಮಲಬಾರಿಗಳು, ಅವರನ್ನು "ಕಪ್ಪು" ಅಂದರು. ಆಮೇಲೆ ಬಂದ ಪರದೇಶಿಗಳು "ಬಿಳಿ". ಇವರಿಬ್ಬರ ನಡುವೆ ಮದುವೆ ಇಲ್ಲ, ಬೇರೆ ಬೇರೆ ಸಿನಗಾಗ್. ಇದಲ್ಲದೆ ಪರದೇಶಿಗಳ ಮನೆಯಲ್ಲಿ ದಾಸರಾಗಿದ್ದು ಬಿಡುಗಡೆ ಪಡೆದವರು, ಅವರ ಮಕ್ಕಳು ಮೊಮ್ಮಕ್ಕಳು, ಮೂರನೆಯ ಗುಂಪು. ಅವರೂ ಅದೇ ದೇವರನ್ನು ಪ್ರಾರ್ಥಿಸುವವರು, ಅದೇ ಸಿನಗಾಗ್‌ಗೆ ಬರುವವರು. ಆದರೆ ಒಳಗೆ ಬೆಂಚಿನ ಮೇಲೆ ಕೂರುವಂತಿಲ್ಲ. ಮುಂಗೋಣೆಯಲ್ಲಿ, ಮೆಟ್ಟಿಲ ಮೇಲೆ, ನೆಲದ ಮೇಲೆ ಕೂರಬೇಕು. ಗ್ರಂಥ ಓದಲು ಕರೆಯುವುದಿಲ್ಲ. ಸತ್ತರೆ ಹೂಳುವ ಜಾಗವೂ ಬೇರೆ.

ಯಹೂದಿಗಳ ಧರ್ಮಗ್ರಂಥದಲ್ಲಿ ಜಾತಿ ಇಲ್ಲ. ಇದು ಎಲ್ಲಿಂದ ಬಂತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಲಿ ಹೊರಗೆ ಬಿಡುವುದನ್ನು ಎಲ್ಲಿಂದ ಕಲಿತರೋ ಮನುಷ್ಯರನ್ನು ಹೊರಗೆ ಕೂರಿಸುವುದನ್ನೂ ಅಲ್ಲಿಂದಲೇ ಕಲಿತರು. ನಮ್ಮ ಬೇಲೂರು, ಮೇಲುಕೋಟೆ ದೇವಸ್ಥಾನಗಳಲ್ಲಿ "ತಿರುಕುಲದವರು" ಅಂತ ಹೆಸರು ಕೊಟ್ಟು ವರ್ಷಕ್ಕೆ ಕೆಲವೇ ದಿನ ಒಳಗೆ ಬಿಡುತ್ತಿದ್ದರು. ಅದನ್ನೇ ದೊಡ್ಡ ಔದಾರ್ಯ ಅಂತ ಹೇಳಿಕೊಂಡು ಬಂದಿದ್ದೇವೆ. ಆ ಮುಂಗೋಣೆಯಲ್ಲಿ ನಿಂತಾಗ ನನಗೆ ನೆನಪಾಗಿದ್ದು ಅದು.

ಈ ಮೂರನೆಯ ಗುಂಪಿನಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ (೧೮೮೨-೧೯೬೭). ಓದಿ ವಕೀಲರಾದರು, ಕೊಚ್ಚಿ ಸಂಸ್ಥಾನದ ಶಾಸನ ಸಭೆಯಲ್ಲಿದ್ದರು, ೧೯೨೯ರ ಲಾಹೋರ್ ಕಾಂಗ್ರೆಸ್‌ಗೂ ಹೋಗಿದ್ದರು. ಗಾಂಧೀಜಿಯವರ ದಾರಿಯನ್ನೇ ತಮ್ಮ ಬೀದಿಗೆ ತಂದರು. ಮಕ್ಕಳನ್ನು ಕರೆದುಕೊಂಡು ಸಿನಗಾಗ್‌ಗೆ ಹೋಗಿ ಕೂರಬಾರದ ಕಡೆ ಕೂರುವುದು, ಉಪವಾಸದ ಮಾತಾಡುವುದು, ಮತ್ತೆ ಮತ್ತೆ ಅರ್ಜಿ, ವಾದ. ಜನ ಅವರನ್ನು "ಯಹೂದಿ ಗಾಂಧಿ" ಅಂದರು. ಒಂದೊಂದಾಗಿ ಕಟ್ಟುಗಳು ಸಡಿಲವಾದವು. ೧೯೫೦ರಲ್ಲಿ ಅವರ ಮಗನಿಗೂ ಪರದೇಶಿ ಮನೆತನದ ಹುಡುಗಿಗೂ ಮದುವೆ ಆಯಿತು. ಆ ಬೀದಿಯಲ್ಲಿ ಅದು ಭೂಕಂಪವೇ.

ಆದರೆ ದಿನಾಂಕ ನೋಡಿ. ಬೆಂಚು ಎಲ್ಲರಿಗೂ ಸಿಗುವ ಹೊತ್ತಿಗೆ ಕೂರುವವರೇ ಹೊರಟಿದ್ದರು. ೧೯೪೮ರಲ್ಲಿ ಇಸ್ರೇಲ್ ಆಯಿತು. ಆಗ ಕೊಚ್ಚಿ ಯಹೂದಿಗಳು ಎಲ್ಲಾ ಸೇರಿ ಸುಮಾರು ಎರಡೂವರೆ ಸಾವಿರ. ಮಲಬಾರಿಗಳಲ್ಲಿ ಹೆಚ್ಚಿನವರು ೧೯೫೦ರ ದಶಕದ ಮಧ್ಯದೊಳಗೆ ಹೊರಟುಹೋದರು. ಪರದೇಶಿಗಳು ಸ್ವಲ್ಪ ತಡವಾಗಿ, ಒಂದೊಂದೇ ಮನೆ ಬೀಗ ಹಾಕಿಕೊಂಡು ಹೋದರು. ಅವರನ್ನು ಇಲ್ಲಿ ಯಾರೂ ಓಡಿಸಲಿಲ್ಲ. ಧರ್ಮದ ಸೆಳೆತ ಇತ್ತು, ಮಕ್ಕಳಿಗೆ ವರ, ವಧು ಸಿಗದ ಕಷ್ಟ ಇತ್ತು, ವ್ಯಾಪಾರ, ಜಮೀನು ಕೈಬಿಟ್ಟು ಹೋಗುತ್ತಿತ್ತು. ೧೯೬೮ರಲ್ಲಿ ಸಿನಗಾಗ್‌ನ ನಾನೂರನೇ ವರ್ಷದ ಹಬ್ಬಕ್ಕೆ ಇಂದಿರಾ ಗಾಂಧಿ ಬಂದರು, ಅಂಚೆ ಚೀಟಿಯೂ ಹೊರಬಂತು. ಆಗಲೇ ಬೀದಿ ಅರ್ಧ ಖಾಲಿ.

ಯಹೂದಿಗಳಲ್ಲಿ ಸಾರ್ವಜನಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ವಯಸ್ಕ ಗಂಡಸರು ಬೇಕು. ಒಂಬತ್ತು ಇದ್ದರೆ ಆಗಲ್ಲ. ಕೊನೆಕೊನೆಗೆ ಇಲ್ಲಿ ಹತ್ತು ತುಂಬಲು ಪ್ರವಾಸಿಗಳಲ್ಲಿ ಯಾರಾದರೂ ಯಹೂದಿಗಳಿದ್ದಾರಾ ಅಂತ ಕೇಳುವ ಸ್ಥಿತಿ. ೨೦೧೯ರ ಆಗಸ್ಟ್‌ನಲ್ಲಿ ಸಾರಾ ಕೊಹೆನ್ ತೀರಿಕೊಂಡರು, ೯೬ ವರ್ಷ. ಬೀದಿಯಲ್ಲಿ ಅವರ ಕಸೂತಿ ಅಂಗಡಿ ಪ್ರಸಿದ್ಧ. ೨೦೨೪ರ ಆಗಸ್ಟ್‌ನಲ್ಲಿ ಕ್ವೀನಿ ಹಲ್ಲೆಗುವಾ ಹೋದರು, ೮೯ ವರ್ಷ. ಪರದೇಶಿ ಮನೆತನದ ಹೆಂಗಸರಲ್ಲಿ ಅವರೇ ಕೊನೆಯವರು. ಪತ್ರಿಕೆಗಳು ಬರೆದಂತೆ ಆಮೇಲೆ ಉಳಿದಿದ್ದು ಅವರ ಬಂಧು ಒಬ್ಬರೇ.

ಸಾರಾ ಕೊಹೆನ್ ಅವರ ಅಂಗಡಿಯ ಮುಂದೆ ನಮ್ಮ ಗುಂಪು ಬಹಳ ಹೊತ್ತು ನಿಂತಿತ್ತು. ಅವರ ಕೊನೆಯ ವರ್ಷಗಳಲ್ಲಿ ಅವರನ್ನೂ ಅಂಗಡಿಯನ್ನೂ ನೋಡಿಕೊಂಡವರು ತಾಹಾ ಇಬ್ರಾಹಿಂ. ಹುಡುಗನಾಗಿ ಇದೇ ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಮುಸಲ್ಮಾನ. ಅವರು ಸಾರಾ ಅಮ್ಮನಿಂದ ಕಸೂತಿ ಕಲಿತರು, ಯಹೂದಿಗಳ ಹಬ್ಬ ಹರಿದಿನದ ಬಟ್ಟೆ ಹೊಲಿಯುವುದನ್ನು ಕಲಿತರು. ಆಕೆ ಹೋದ ಮೇಲೂ ನೆನಪನ್ನು ಕಾಪಾಡಿಕೊಂಡು ಬಂದಿದ್ದಾರೆ. ಇಸ್ರೇಲ್, ಮುಸ್ಲಿಂ ಅಂದ ಕೂಡಲೇ ಟಿವಿಯಲ್ಲಿ ಏನು ಕಾಣುತ್ತದೆ ಅಂತ ನಿಮಗೆ ಗೊತ್ತು. ಅದರ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ.

ಎಲ್ಲಾ ಸಿನಗಾಗ್‌ಗಳಿಗೂ ಪರದೇಶಿಯ ಅದೃಷ್ಟ ಇರಲಿಲ್ಲ. ಇದೇ ಬೀದಿಯ ಇನ್ನೊಂದು ಕೊನೆಯ ಹತ್ತಿರ ಮಲಬಾರಿಗಳ ಕಡವುಂಭಾಗಂ ಸಿನಗಾಗ್ ಇತ್ತು. ಪರದೇಶಿಗಿಂತ ಹಳೆಯದು. ಜನ ಹೋದ ಮೇಲೆ ಅದು ತೆಂಗಿನ ನಾರಿನ ಗೋಡೌನ್ ಆಯಿತು. ಒಳಗಿನ ಮರದ ಕೆತ್ತನೆಯನ್ನು ೧೯೯೦ರ ದಶಕದಲ್ಲಿ ಬಿಚ್ಚಿ ಒಯ್ದು ಜೆರುಸಲೇಮ್‌ನ ಇಸ್ರೇಲ್ ಮ್ಯೂಸಿಯಂನಲ್ಲಿ ಜೋಡಿಸಿದರು. ಇಲ್ಲಿ ಉಳಿದಿದ್ದ ಕಟ್ಟಡ ೨೦೧೯ರ ಮಳೆಗಾಲದಲ್ಲಿ ಕುಸಿಯಿತು. ದುಡ್ಡಿದ್ದವರ ಮಂದಿರಕ್ಕೆ ಟಿಕೆಟ್ಟು, ಇಲ್ಲದವರದ್ದಕ್ಕೆ ಮಳೆ.

ಟೂರ್‌ನಲ್ಲಿ ನನಗೆ ಅತ್ಯಂತ ಇಷ್ಟವಾಗಿದ್ದು ಮಾತ್ರ ಕಟ್ಟಡ ಅಲ್ಲ, ಹಾಡು. ಕೊಚ್ಚಿ ಯಹೂದಿ ಹೆಂಗಸರು ಮದುವೆಗೆ, ಹಬ್ಬಕ್ಕೆ ಮಲಯಾಳಂನಲ್ಲಿ ಹಾಡುತ್ತಿದ್ದರು. ಗಂಡಸರ ಪ್ರಾರ್ಥನೆ ಹೀಬ್ರೂನಲ್ಲಿ, ಹೆಂಗಸರ ಹಾಡು ಊರಿನ ಭಾಷೆಯಲ್ಲಿ. ಕೈಬರಹದ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಇಸ್ರೇಲ್‌ಗೆ ಹೋದಾಗ ಪೆಟ್ಟಿಗೆಯಲ್ಲಿ ಆ ಪುಸ್ತಕಗಳನ್ನೂ ತೆಗೆದುಕೊಂಡು ಹೋದರು. ವಿದ್ವಾಂಸರಾದ ಸ್ಕರಿಯಾ ಝಕರಿಯಾ, ಬಾರ್ಬರಾ ಜಾನ್ಸನ್ ಮುಂತಾದವರು ಅವನ್ನು ಹುಡುಕಿ ಸಂಗ್ರಹಿಸಿದ್ದಾರೆ. ಭೇದದ ಗೋಡೆ ಇದ್ದ ಕಾಲದಲ್ಲೂ ಈ ಹಾಡುಗಳು ಮೂರೂ ಗುಂಪಿನ ಹೆಂಗಸರ ಬಾಯಲ್ಲಿ ಇದ್ದವು.

ಸರಿ, ಇನ್ನು ನಮ್ಮ ಕಡೆಗೆ ಬರೋಣ. ಟೂರ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಚೇಟ್ಟನನ್ನು "ಮಂಗಳೂರಿನಲ್ಲೂ ಯಹೂದಿಗಳಿದ್ದರು ಗೊತ್ತಾ" ಅಂತ ಕೇಳಿದೆ. ಅವರಿಗೆ ಆಶ್ಚರ್ಯ. ನಮ್ಮವರಲ್ಲೇ ಎಷ್ಟು ಜನಕ್ಕೆ ಗೊತ್ತಿದೆ ಹೇಳಿ! ಕೊಚ್ಚಿಯ ಸಿನಗಾಗ್ ಕಟ್ಟುವುದಕ್ಕೆ ನಾನೂರು ವರ್ಷಕ್ಕೂ ಮೊದಲು ಅಬ್ರಹಾಂ ಬೆನ್ ಯೀಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಉತ್ತರ ಆಫ್ರಿಕಾದ ಟ್ಯುನೀಸಿಯಾದವನು. ಸುಮಾರು ೧೧೩೨ರಿಂದ ೧೧೪೯ರವರೆಗೆ, ಹೆಚ್ಚುಕಡಿಮೆ ಹದಿನೇಳು ವರ್ಷ ಇಲ್ಲಿದ್ದ. ಆಗ ನಮ್ಮ ಬೇಲೂರಿನಲ್ಲಿ ವಿಷ್ಣುವರ್ಧನ ಆಳುತ್ತಿದ್ದ. ಚೆನ್ನಕೇಶವ ದೇವಸ್ಥಾನಕ್ಕೆ (೧೧೧೭) ಇನ್ನೂ ಹೊಸ ಕಲ್ಲಿನ ಬಣ್ಣ ಇದ್ದಿರಬೇಕು. ಘಟ್ಟದ ಕೆಳಗೆ ಆಳುಪರ ನಾಡು.

ಬೆನ್ ಯೀಜು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕೊಂಡು ಏಡನ್‌ಗೆ ಕಳಿಸುತ್ತಿದ್ದ. ಮಂಗಳೂರಿನಲ್ಲಿ ಹಿತ್ತಾಳೆ, ಕಂಚಿನ ಕಾರ್ಖಾನೆ ಇಟ್ಟಿದ್ದ. ಏಡನ್‌ನಿಂದ ಒಡೆದ ಪಾತ್ರೆ, ತಾಮ್ರ ಬರುತ್ತಿತ್ತು, ಇಲ್ಲಿನ ಕೆಲಸಗಾರರು ಹೊಸ ಪಾತ್ರೆ, ದೀಪ ಮಾಡಿ ವಾಪಸ್ ಕಳಿಸುತ್ತಿದ್ದರು. ಹೊರಗಿನವರ ಆರ್ಡರ್ ತಗೊಂಡು ಕೆಲಸ ಮಾಡಿಕೊಡುವುದು ನಮ್ಮ ತಲೆಮಾರಿನ ಐಟಿಯವರು ಕಂಡುಹಿಡಿದಿದ್ದಲ್ಲ! ಏಲಕ್ಕಿಗೆ ಮುಂಗಡ ತಗೊಂಡವನು ಮಾಲು ಕೊಡದೆ ಸತಾಯಿಸಿದ ಜಗಳವೂ ಅವನ ಪತ್ರಗಳಲ್ಲಿದೆ. ೧೧೩೨ರ ಅಕ್ಟೋಬರ್ ೧೭ರಂದು ಅವನು ಮಂಗಳೂರಿನಲ್ಲಿ ಆಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಆಕೆ ಇದೇ ಕರಾವಳಿಯ ಹೆಣ್ಣು. ಬಿಡುಗಡೆಯಾದ ಮೇಲೆ ಇಟ್ಟ ಹೆಸರು ಬೆರಾಖಾ, ಅಂದರೆ ಆಶೀರ್ವಾದ. ಅವನ ಮಕ್ಕಳ ತಾಯಿ ಆಕೆಯೇ ಅಂತ ವಿದ್ವಾಂಸರು ನಂಬುತ್ತಾರೆ.

ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ದಾಸ ಇದ್ದ. ಸರಕಿನ ಜೊತೆ ಏಡನ್‌ವರೆಗೂ ಹೋಗಿ ಬರುತ್ತಿದ್ದ ನಂಬಿಗಸ್ತ. ಅಲ್ಲೊಮ್ಮೆ ಕುಡಿದು ಇನ್ನಷ್ಟು ದುಡ್ಡು ಕೊಡು ಅಂತ ಗಲಾಟೆ ಮಾಡಿದ ದೂರೂ ಪತ್ರದಲ್ಲಿದೆ. ಪತ್ರದಲ್ಲಿ ಅವನ ಹೆಸರು ಮೂರೇ ಅಕ್ಷರ: ಬ, ಮ, ಹ. ಅದನ್ನು ಹೇಗೆ ಓದಬೇಕು ಅಂತ ಲೇಖಕ ಅಮಿತಾವ್ ಘೋಷ್ ತಲೆಕೆಡಿಸಿಕೊಂಡು ಮಂಗಳೂರಿಗೇ ಬಂದರು. ಜಾನಪದ ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಅದು "ಬೊಮ್ಮ" ಅಂತ ಗುರುತಿಸಿದರು. ೧೯೯೨ರಲ್ಲಿ ಬಂದ ಅವರ "ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್" ಪುಸ್ತಕದ ಬೆನ್ನೆಲುಬೇ ಈ ಹುಡುಕಾಟ. ಬೊಮ್ಮಯ್ಯ, ಬೊಮ್ಮಣ್ಣ, ಬೊಮ್ಮೇಗೌಡ... ಹಾಸನ ಜಿಲ್ಲೆಯವನಿಗೆ ಈ ಹೆಸರು ಪರಿಚಯ ಮಾಡಿಕೊಡಬೇಕಾ? ಎಂಟುನೂರು ವರ್ಷ ದಾಟಿ ಬಂದ ಅರಬ್ಬಿ ಕಾಗದದಲ್ಲಿ ನಮ್ಮ ಪಕ್ಕದ ಮನೆಯವನ ಹೆಸರು.

ಈ ಪತ್ರಗಳು ಉಳಿದಿದ್ದೇ ಒಂದು ಸೋಜಿಗ. ಯಹೂದಿಗಳಲ್ಲಿ ದೇವರ ಹೆಸರು ಬರೆದ ಕಾಗದವನ್ನು ಎಸೆಯಬಾರದು ಅನ್ನುವ ಪದ್ಧತಿ. ಹಾಗಾಗಿ ಹಳೇ ಕಾಗದವನ್ನೆಲ್ಲಾ ಸಿನಗಾಗ್‌ನ ಒಂದು ಕೋಣೆಗೆ ಹಾಕಿಡುತ್ತಾರೆ. ಅದಕ್ಕೆ "ಗೆನಿಝಾ" ಅಂತ ಹೆಸರು. ಹಳೇ ಕೈರೋದ ಬೆನ್ ಎಝ್ರಾ ಸಿನಗಾಗ್‌ನಲ್ಲಿ ಇಂಥ ಕೋಣೆ ನೂರಾರು ವರ್ಷ ತುಂಬುತ್ತಾ ಬಂತು. ಬರೀ ಪ್ರಾರ್ಥನೆ ಅಲ್ಲ, ಲೆಕ್ಕ, ಸಾಲಪತ್ರ, ಮದುವೆ ಕರಾರು, ಬೈಗುಳದ ಪತ್ರ ಎಲ್ಲಾ. ಬೆನ್ ಯೀಜು ಕೊನೆಗೆ ಈಜಿಪ್ಟ್ ಸೇರಿದಾಗ ಅವನ ಮಂಗಳೂರಿನ ಕಾಗದಗಳೂ ಆ ಕೋಣೆಗೆ ಬಿದ್ದವು. ೧೮೯೬-೯೭ರಲ್ಲಿ ಸೊಲೊಮನ್ ಶೆಕ್ಟರ್ ಅಲ್ಲಿಂದ ಕೇಂಬ್ರಿಡ್ಜ್‌ಗೆ ಒಯ್ದ ತುಣುಕುಗಳೇ ಸುಮಾರು ಒಂದು ಲಕ್ಷ ೯೩ ಸಾವಿರ. ಎಸ್. ಡಿ. ಗೊಯ್ಟೈನ್ ಅನ್ನುವ ವಿದ್ವಾಂಸ ತಮ್ಮ ಅರ್ಧ ಆಯುಷ್ಯವನ್ನೇ ಇವನ್ನು ಓದುವುದಕ್ಕೆ ಕೊಟ್ಟರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಾವು ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವ ಹಾಗೆ.

ಒಂದು ಸಣ್ಣ ವಿವರ. ಆಗ ನಮ್ಮಲ್ಲಿ ಬರೆಯುತ್ತಿದ್ದುದು ಓಲೆಗರಿಯ ಮೇಲೆ, ಕಾಗದ ಸಿಗುತ್ತಿರಲಿಲ್ಲ. ಏಡನ್‌ನ ಗೆಳೆಯರು ಬೆನ್ ಯೀಜುಗೆ ಸಕ್ಕರೆ, ಒಣದ್ರಾಕ್ಷಿ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಅವನು ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆದುಕೊಳ್ಳುತ್ತಿದ್ದ. ಮಂಗಳೂರಿನ ಆ ಲೆಕ್ಕಗಳು ಇವತ್ತಿಗೂ ಓದಲು ಸಿಗುವುದು ಅದು ಕಾಗದದ ಮೇಲಿದ್ದ ಕಾರಣ, ಮತ್ತೆ ಅದನ್ನು ಎಸೆಯದ ಜನರ ಕೈಗೆ ಸಿಕ್ಕಿದ ಕಾರಣ.

ಹಾಗಾಗಿ ನೋಡಿ, ಮಟ್ಟಂಚೇರಿಯಲ್ಲಿ ಬೀದಿ ಇದೆ, ಗಡಿಯಾರ ಇದೆ, ಹೆಂಚು ಇದೆ, ಜನ ಇಲ್ಲ. ಮಂಗಳೂರಿನ ಬಂದರ್‌ನಲ್ಲಿ ಬೆನ್ ಯೀಜುವಿನ ಒಂದು ಕಲ್ಲನ್ನೂ ತೋರಿಸುವ ಗೈಡ್ ಇಲ್ಲ. ಆದರೆ ಅವನ ಮನೆಯ ಜಗಳ, ಬೊಮ್ಮನ ಸಂಬಳ, ಏಲಕ್ಕಿಯ ಬಾಕಿ ಎಲ್ಲಾ ಗೊತ್ತು. ಬೆಂಗಳೂರಿನಲ್ಲಿ ಇರುವುದು ಇನ್ನೂ ಕಡಿಮೆ: 'ಮೈಸೂರು ರಸ್ತೆಯಲ್ಲಿ ಒಂದು ಸಣ್ಣ ಸ್ಮಶಾನ, ೧೯೦೪ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ಜಾಗ' ಅಂತ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸೆಸ್ ಅವರ ಚಪ್ಪಲಿ ಅಂಗಡಿ ಒಂದು ಕಾಲಕ್ಕೆ ಊರಿಗೇ ಹೆಸರಾಗಿತ್ತು. ಈಗ ಅಲ್ಲಿ ಶಾಪಿಂಗ್ ಮಾಡುವ ನಮ್ಮಂಥವರಿಗೆ ಆ ಹೆಸರೂ ಗೊತ್ತಿಲ್ಲ.

ಇಷ್ಟು ಹೇಳಿ ನಮ್ಮೂರಿನ ಮಾತು ಆಡದೇ ಇದ್ದರೆ ಹೇಗೆ? ಹೊಳೆನರಸೀಪುರ, ಅರಕಲಗೂಡು, ಹಾಸನದ ಸುತ್ತ ಸಂಕೇತಿಗಳಿದ್ದಾರೆ. ಅವರೂ ಒಂದು ಕಾಲದ ಪರದೇಶಿಗಳೇ. ತಮಿಳುನಾಡು, ಕೇರಳ ಸೇರುವ ಸೆಂಗೋಟ್ಟೈ ಕಡೆಯಿಂದ ನೂರಾರು ವರ್ಷದ ಹಿಂದೆ ಹೊರಟು ಬಂದವರು. ನಾಚಾರಮ್ಮ ಅನ್ನುವ ವಿದುಷಿಗೆ ಊರಿನವರು ಅವಮಾನ ಮಾಡಿದರು, ಆಕೆ ಶಾಪ ಹಾಕಿ ಹೊರಟಳು, ಹಿಂದೆ ಒಂದಷ್ಟು ಮನೆಗಳು ಹೊರಟವು ಅಂತ ಅವರಲ್ಲಿ ಕಥೆ ಇದೆ. ಹಾಸನದ ಹತ್ತಿರದ ಕೌಶಿಕದಲ್ಲಿ ಕೆಲವರು, ಬೆಟ್ಟದಪುರದಲ್ಲಿ ಕೆಲವರು ನೆಲೆಸಿದರು. ಹೊರಗೆ ಕನ್ನಡ, ಒಳಗೆ ತಮಿಳು ಮಲಯಾಳಂ ಕನ್ನಡ ಎಲ್ಲಾ ಕಲೆತ ಸಂಕೇತಿ ಭಾಷೆ. ಅದಕ್ಕೆ ತನ್ನದೇ ಲಿಪಿ ಇಲ್ಲ. ಬಾಯಿಂದ ಬಾಯಿಗೆ ಬಂದಿದ್ದು. ನನ್ನ ಓರಗೆಯ ಸಂಕೇತಿ ಗೆಳೆಯರು ಅಜ್ಜಿ ಜೊತೆ ಮಾತ್ರ ಅದನ್ನು ಮಾತಾಡುತ್ತಾರೆ. ಅಜ್ಜಿ ಇಲ್ಲದ ಮನೆಯಲ್ಲಿ ಅದೂ ಇಲ್ಲ.

ಅಗ್ರಹಾರಗಳ ಸ್ಥಿತಿ ಬೇರೆ ಹೇಳಬೇಕಾಗಿಲ್ಲ. ಜಗಲಿ, ತೊಟ್ಟಿ, ಕೆತ್ತಿದ ಬಾಗಿಲು ಎಲ್ಲಾ ಇದೆ, ಬೀಗವೂ ಇದೆ. ನಮ್ಮ ಬೀದಿಯಲ್ಲೂ ಅಷ್ಟೆ. ಅದು ಯಾವ ಜಾತಿಯ ಬೀದಿ ಅನ್ನೋ ಪ್ರಶ್ನೆಯೂ ಅಲ್ಲ, ಒಕ್ಕಲಿಗರ ಕೇರಿಯಲ್ಲೂ ಇದೇ ಕಥೆ. ಓದಿದವರೆಲ್ಲಾ ಬೆಂಗಳೂರು, ಅಲ್ಲಿಂದ ಇನ್ನೂ ಆಚೆ. ನಾನೂ ಅದರಲ್ಲಿ ಒಬ್ಬ. ಯಾರೂ ನಮ್ಮನ್ನು ಓಡಿಸಲಿಲ್ಲ. ಅವಮಾನ ಆಗಿ ಹೊರಟವರೂ ಇದ್ದಾರೆ, ಅವರು ಊರ ಹೊರಗಿನ ಕೇರಿಯಿಂದ ಹೊರಟವರು. ಅವರ ಕಥೆ ಯಾವ ಗೈಡೂ ಹೇಳಲ್ಲ.

ಆದರೆ ಎಲ್ಲಾ ಕಡೆ ಹೀಗೇ ಆಗಬೇಕು ಅಂತಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನೋಡಿ. ಕಾವೇರಿ ದಂಡೆಯ ಸಣ್ಣ ಹಳ್ಳಿ, ಆರ್. ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರಂಥ ಸಂಗೀತಗಾರರನ್ನು ಕೊಟ್ಟ ಊರು. ಅವರೆಲ್ಲಾ 'ಮೈಸೂರು, ಬೆಂಗಳೂರು' ಅಂತ ಹೊರಟುಹೋದರು. ಆದರೆ ಅಲ್ಲಿಯವರೇ ಆದ ಆರ್. ಕೆ. ಪದ್ಮನಾಭ ಅವರು ಊರಿಗೆ ಮರಳಿ ತಂಬೂರಿ ಆಕಾರದಲ್ಲಿ ಸಪ್ತಸ್ವರ ಮಂದಿರ ಕಟ್ಟಿಸಿದರು, ಅಲ್ಲಿ ಸಂಗೀತೋತ್ಸವ ಶುರುಮಾಡಿದರು. ಊರು ಬಿಟ್ಟವರು ಉತ್ಸವಕ್ಕಾದರೂ ಊರಿಗೆ ಬಂದು ಹಾಡುತ್ತಾರೆ. ಟಿಕೆಟ್ಟು ಕೊಟ್ಟು ನೋಡುವ ಊರಾಗುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ನಮ್ಮೆಲ್ಲರ ಕೈಯಲ್ಲಿ ಮಂದಿರ ಕಟ್ಟಲು ಆಗಲ್ಲ. ಕಾಗದ ಎಸೆಯದೇ ಇರಲು ಆಗುತ್ತದೆ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ ಕಡತ, ಲೆಕ್ಕದ ಪುಸ್ತಕ, ಇನ್‌ಲ್ಯಾಂಡ್ ಲೆಟರ್, ಅಜ್ಜಿ ಹಾಡು ಬರೆದಿಟ್ಟ ನೋಟ್‌ಬುಕ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಓದಲು ಬಾರದಿದ್ದರೂ ಪರವಾಗಿಲ್ಲ, ಫೋಟೋ ತೆಗೆದಿಡಿ. ಮನೆಯಲ್ಲಿ ಹಿರಿಯರಿದ್ದರೆ ಕೂರಿಸಿ, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಯಾವ ಮನೆಯಲ್ಲಿ ಯಾರಿದ್ದರು ಅಂತ ಹೇಳಿಸಿ ಬರೆದುಕೊಳ್ಳಿ. ನಾನು ನಮ್ಮ ಬೀದಿಯದ್ದು ಶುರುಮಾಡಿದ್ದೇನೆ. ಹನ್ನೊಂದು ಮನೆ ಆಗಿದೆ. ಯಾರು ಜಗಲಿ ಮೇಲೆ ಕೂರಬಹುದಿತ್ತು, ಯಾರು ಕೆಳಗೆ ನಿಲ್ಲಬೇಕಿತ್ತು ಅನ್ನುವುದನ್ನೂ ಬರೆಯುತ್ತಿದ್ದೇನೆ. ಅದನ್ನು ಬಿಟ್ಟು ಬರೆದರೆ ಅರ್ಧ ಬರೆದ ಹಾಗೆ.

ಕೊಚ್ಚಿಗೆ ಹೋಗುವವರಿಗೆ ಒಂದೆರಡು ಮಾತು. ಎರ್ನಾಕುಲಂನಿಂದ ದೋಣಿಯಲ್ಲೇ ಹೋಗಿ, ಬಂದರಿನ ಊರನ್ನು ನೀರಿನ ಕಡೆಯಿಂದ ನೋಡಿದರೇ ಚೆಂದ. ಸಿನಗಾಗ್ ಶುಕ್ರವಾರ ಮಧ್ಯಾಹ್ನದ ನಂತರ, ಶನಿವಾರ ಮತ್ತು ಯಹೂದಿ ಹಬ್ಬದ ದಿನಗಳಲ್ಲಿ ತೆರೆಯುವುದಿಲ್ಲ. ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಸಮಯ ಇದ್ದರೆ ಉತ್ತರಕ್ಕೆ ಪರವೂರು, ಚೇಂದಮಂಗಲಂ ಸಿನಗಾಗ್‌ಗಳನ್ನೂ ನೋಡಿ, ಈಗ ಅವು ಮ್ಯೂಸಿಯಂ. ಮಂಗಳೂರಿನ ಬಂದರ್ ಕಡೆಯ ಹಳೇ ವ್ಯಾಪಾರಿ ಬೀದಿಗಳ ಬಗ್ಗೆ ಗೊತ್ತಿರುವವರು ಇದ್ದರೆ ಬರೆಯಿರಿ. ಒಂದು ಭಾನುವಾರ ಎಲ್ಲರೂ ಸೇರಿ ಅಲ್ಲಿ ನಡೆಯೋಣ. ಗೈಡ್ ಇಲ್ಲದಿದ್ದರೆ ಏನಂತೆ, ಬೊಮ್ಮ ಓಡಾಡಿದ ಊರು ಅದು.